ಗುರುವಾರದ ಜಿಕ್ರ್‌ಗೆ ಮನೆ ಸಾಲುತ್ತಿಲ್ಲ, ಏನು ಮಾಡೋಣ?

ತುಂಗೆದಂಡೆ, ಶಿವಮೊಗ್ಗ

ಎಲ್ಲರಿಗೂ ಸಲಾಂ, ನಮಸ್ಕಾರ.

ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಹೋದ ಗುರುವಾರದ ಜಿಕ್ರ್, ಅಂದರೆ ಒಟ್ಟಾಗಿ ಕೂತು ದೇವರ ಹೆಸರು ನೆನೆಯುವ ಕೂಟ, ಆದ ನಂತರ ಬರೆಯಲೇಬೇಕು ಅನ್ನಿಸಿತು. ಅವತ್ತು ಜೋರು ಮಳೆ. ನಮ್ಮ ಗುರು ಹಜರತ್ ಅವರ ಮನೆಯ ನಡುಮನೆ ತುಂಬಿತ್ತು, ಜಗಲಿ ತುಂಬಿತ್ತು, ಮೆಟ್ಟಿಲ ಮೇಲೂ ಜನ ಕೂತಿದ್ದರು. ಐದಾರು ಮಂದಿ ಗೇಟಿನ ಹೊರಗೆ ಕೊಡೆ ಹಿಡಿದು ನಿಂತೇ ಜಿಕ್ರ್ ಮುಗಿಸಿದರು. ಅವರಲ್ಲಿ ಒಬ್ಬರು ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದ ವಯಸ್ಸಾದವರು. ಒಳಗೆ ಜಾಗ ಮಾಡಿಕೊಡುತ್ತೇನೆ ಬನ್ನಿ ಅಂದೆ. "ಇರಲಿ ಬೇಟಾ, ಇಲ್ಲೂ ಕೇಳಿಸುತ್ತದೆ" ಅಂದರು. ಅವರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 11 ವರ್ಷದ ಹಿಂದೆ ಶುರುವಾದಾಗ ನಾವು 7 ಜನ. ಹಜರತ್ ಮೇಷ್ಟರ ಕೆಲಸದಿಂದ ನಿವೃತ್ತರಾಗಿ ಆಗಲೇ ಕೆಲವು ವರ್ಷವಾಗಿತ್ತು. ಅವರು ತಮ್ಮ ಪೀರರಿಂದ, ಅಂದರೆ ಗುರುವಿನಿಂದ, ಕಾದ್ರಿ, ಚಿಶ್ತಿ ಎರಡೂ ಸೂಫಿ ಸಿಲ್ಸಿಲಾದಲ್ಲಿ ಖಿಲಾಫತ್ (ಶಿಷ್ಯರನ್ನು ಮಾಡಿಕೊಳ್ಳುವ ಅಧಿಕಾರ) ಪಡೆದವರು. ಸಿಲ್ಸಿಲಾ ಅಂದರೆ ಸರಪಳಿ. ಗುರುವಿನಿಂದ ಶಿಷ್ಯನಿಗೆ, ಅವನಿಂದ ಮುಂದಿನವನಿಗೆ ಹರಿದು ಬಂದ ಸಾಲು. ಕಾದ್ರಿ ಸಾಲು 1166ರಲ್ಲಿ ತೀರಿಕೊಂಡ ಬಾಗ್ದಾದಿನ ಶೇಖ್ ಅಬ್ದುಲ್ ಖಾದಿರ್ ಜೀಲಾನಿ ಅವರದು. ಚಿಶ್ತಿ ಸಾಲು ನಮ್ಮ ದೇಶದಲ್ಲಿ ಬೇರು ಬಿಟ್ಟದ್ದು ಅಜ್ಮೀರದ ಖ್ವಾಜಾ ಮೊಯಿನುದ್ದೀನರಿಂದ. ಕಲಬುರಗಿಯ ಖ್ವಾಜಾ ಬಂದೇ ನವಾಜರೂ ಅದೇ ಸಾಲಿನವರೇ. ಪ್ರತಿ ಗುರುವಾರ ಶಜ್ರಾ, ಅಂದರೆ ಈ ಸಾಲಿನ ಪಟ್ಟಿ, ಓದುವಾಗ ಈ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತೇವೆ. ಕೊನೆಗೆ ಹಜರತ್ ಅವರ ಪೀರರ ಹೆಸರು. ಅಲ್ಲಿಗೆ ಬಂದಾಗ ಅವರ ದನಿ ಈಗಲೂ ಸಣ್ಣಗಾಗುತ್ತದೆ.

ಸೂರ್ಯ ಮುಳುಗಿದರೆ ನಮಗೆ ಮರುದಿನ ಶುರು. ಹಾಗಾಗಿ ಗುರುವಾರ ಸಂಜೆ ಅಂದರೆ ಆಗಲೇ ಜುಮ್ಮಾದ ರಾತ್ರಿ. ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜ್ ಆದ ಮೇಲೆ ಫಾತಿಹಾ (ಕುರಾನಿನ ಮೊದಲ ಅಧ್ಯಾಯ), ಶಜ್ರಾ, ಆಮೇಲೆ ಜಿಕ್ರ್. ಒಂದಷ್ಟು ಹೊತ್ತು ದನಿ ತೆಗೆದು, ಒಂದಷ್ಟು ಹೊತ್ತು ಸುಮ್ನೆ ಒಳಗೊಳಗೇ. ನಂತರ ದುಆ, ಅಂದರೆ ಪ್ರಾರ್ಥನೆ. ಕೊನೆಗೆ ಎಲ್ಲರಿಗೂ ಚಹಾ, ಒಂದು ತಟ್ಟೆ ಉಪ್ಪಿಟ್ಟು ಅಥವಾ ಖಿಚಡಿ. ಇಷ್ಟೇ. ಮೈಕ್ ಇಲ್ಲ, ಬ್ಯಾನರ್ ಇಲ್ಲ, ಪವಾಡದ ಮಾತಿಲ್ಲ.

ಜನ ಹೇಗೆ ಜಾಸ್ತಿಯಾದರು? ನಾನು ಕಂಡ ಹಾಗೆ ಹೇಳುತ್ತೇನೆ. 2020, 2021ರಲ್ಲಿ ಎಷ್ಟೋ ಮನೆಗಳಲ್ಲಿ ಸಾವಾಯಿತು. ಮುಖ ನೋಡುವುದಕ್ಕೂ ಆಗದೆ ಮಣ್ಣು ಕೊಟ್ಟವರು ಇದ್ದರು. ಲಾಕ್‌ಡೌನ್ ತೆಗೆದು ಓಡಾಟಕ್ಕೆ ಬಿಟ್ಟ ಮೇಲೆ ಅವರೆಲ್ಲ ತೀರಿಹೋದವರ ಹೆಸರಲ್ಲಿ ಫಾತಿಹಾ ಓದಿಸಬೇಕು ಅಂತ ಹಜರತ್ ಬಳಿ ಬಂದರು. ಬಂದವರನ್ನು ಹಜರತ್ ಮೊದಲು ಕೇಳುತ್ತಿದ್ದದ್ದು "ಊಟ ಆಯ್ತಾ?" ಅಂತ. ಆಮೇಲೆ ತೀರಿಹೋದವರ ಬಗ್ಗೆ ಕೇಳುತ್ತಿದ್ದರು. ಏನು ಕೆಲಸ ಮಾಡುತ್ತಿದ್ದರು, ಏನು ಇಷ್ಟಪಡುತ್ತಿದ್ದರು, ಕೊನೆಗೆ ಏನು ಹೇಳಿದರು. ಒಬ್ಬೊಬ್ಬರ ಜೊತೆ ಒಂದೊಂದು ಗಂಟೆ. ಆ ಜನ ಮುಂದಿನ ಗುರುವಾರವೂ ಬಂದರು. ಈಗ ಒಂದು ಗುರುವಾರಕ್ಕೆ 80, 90 ಜನ ಆಗುತ್ತೇವೆ.

ಕಷ್ಟ ಈಗ ಶುರುವಾಗಿದೆ. ಓಣಿಯಲ್ಲಿ ಬೈಕುಗಳು ಅಡ್ಡ ನಿಲ್ಲುತ್ತವೆ. ಎದುರು ಮನೆಯ ಹೂವಿನ ಅಕ್ಕ ಯಾವತ್ತೂ ಒಂದು ಮಾತು ಅಂದವರಲ್ಲ. ಪ್ರತಿ ಗುರುವಾರ ಒಂದು ಮೊಳ ಮಲ್ಲಿಗೆ ಕಳಿಸುವುದನ್ನೂ ತಪ್ಪಿಸಿಲ್ಲ. ಆದರೆ ಮೊನ್ನೆ ಅವರ ಗಾಡಿ ಒಳಗೆ ಬರಲಾಗದೆ ಅರ್ಧ ಗಂಟೆ ಕಾದರು. ಇದು ತಪ್ಪಲ್ವಾ?

ಕೆಲವರು ಜಾಗ ಕೊಂಡು ಖಾನಖಾಹ್, ಅಂದರೆ ಸೂಫಿಗಳ ಮಠದಂಥದ್ದು, ಕಟ್ಟೋಣ ಅನ್ನುತ್ತಿದ್ದಾರೆ. ಕೆಲವರು ಸಮುದಾಯ ಭವನ ಬಾಡಿಗೆಗೆ ಹಿಡಿಯೋಣ ಅನ್ನುತ್ತಾರೆ. ನಿಮಗೆ ಏನನ್ನಿಸುತ್ತದೆ? ಇಂಥದ್ದು ಬೆಳೆದದ್ದನ್ನು ಕಂಡವರು ದಯವಿಟ್ಟು ಬರೆಯಿರಿ.


ಮಂಡಗದ್ದೆಹಾದಿ, ತೀರ್ಥಹಳ್ಳಿ

ನಮಸ್ಕಾರ. ನಾನು ಅಡಿಕೆ ತೋಟದವನು. ನಿಮ್ಮ ಜಿಕ್ರ್‌ಗೆ ಬಂದವನಲ್ಲ. ಆದರೆ ನಮ್ಮ ಮನೆಯವರು ಹಣಗೆರೆಕಟ್ಟೆಗೆ ಅಜ್ಜಿಯ ಕಾಲದಿಂದಲೂ ನಡೆದುಕೊಳ್ಳುತ್ತಾರೆ. ಹಾಗಾಗಿ ಒಂದು ಮಾತು.

ಹೊರಗಿನ ಓದುಗರಿಗೆ ಹೇಳುವುದಾದರೆ, ಹಣಗೆರೆ ನಮ್ಮ ತಾಲ್ಲೂಕಿನಲ್ಲೇ, ಶೆಟ್ಟಿಹಳ್ಳಿ ಕಾಡಿನ ಕಡೆ ಇದೆ. ಅಲ್ಲಿ ಭೂತರಾಯ, ಚೌಡೇಶ್ವರಿ ಮತ್ತು ಹಜರತ್ ಸೈಯದ್ ಸಾದತ್ ದರ್ಗಾ ಒಂದೇ ಸೂರಿನ ಕೆಳಗೆ ಇವೆ. ಒಂದೇ ಬಾಗಿಲಲ್ಲಿ ಹೋಗುತ್ತೀರಿ, ಇಲ್ಲಿ ಕುಂಕುಮ, ಅಲ್ಲಿ ಲೋಬಾನ. ನನ್ನ ಅಜ್ಜಿಗೆ ಎರಡೂ ಬೇರೆ ಅಂತ ಯಾವತ್ತೂ ಅನ್ನಿಸಲಿಲ್ಲ. "ಹಣಗೆರೆಗೆ ಹೇಳ್ಕೊಂಡಿದ್ದೀನಿ" ಅನ್ನುತ್ತಿದ್ದರು. ಯಾರಿಗೆ ಹೇಳಿಕೊಂಡೆ ಅಂತ ಬಿಡಿಸಿ ಹೇಳುತ್ತಿರಲಿಲ್ಲ.

ನಾನು ಚಿಕ್ಕವನಿದ್ದಾಗ ಅದು ಕಾಡಿನ ನಡುವಿನ ಜಾಗ. ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿದ್ದೂ ನೆನಪಿದೆ. ಈಗ ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ಹತ್ತಾರು ಊರಿನಿಂದ ವಾಹನ. ಜನ ಬರುವುದು ಸಂತೋಷವೇ. ಆದರೆ ಅಡುಗೆ ಮಾಡಿದವರು ಎಲೆ, ಪ್ಲಾಸ್ಟಿಕ್ಕು ಎಲ್ಲ ಕಾಡಿನ ಅಂಚಿಗೇ ಎಸೆದು ಹೋಗುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿಯ ಆಡಳಿತ ಈಗ ಮುಜರಾಯಿ ಇಲಾಖೆಯದು. ಹರಕೆ ಹೊತ್ತವರು ಬರುತ್ತಾರೆ, ತೀರಿಸುತ್ತಾರೆ, ಹೋಗುತ್ತಾರೆ. ಪಕ್ಕದಲ್ಲಿ ಕೂತವರು ಯಾರು ಅಂತ ಒಬ್ಬರಿಗೊಬ್ಬರಿಗೆ ಗೊತ್ತಿರುವುದಿಲ್ಲ.

ಸ್ಥಳ ಬೆಳೆಯುವುದು ಹಾಗೆಯೇ, ಅದನ್ನು ತಪ್ಪು ಅನ್ನುವುದಿಲ್ಲ. ನಿಮ್ಮದು ಸ್ಥಳ ಅಲ್ಲ, ಸಂಗ. ನಿಮ್ಮಲ್ಲಿ ಬೆಳೆಯುತ್ತಿರುವುದು ಗುರುತು ಪರಿಚಯ. ಕಟ್ಟಡ ಕಟ್ಟಿದ ದಿನದಿಂದ ಜನ ಕಟ್ಟಡಕ್ಕೆ ಬರಲು ಶುರು ಮಾಡುತ್ತಾರೆ. ಸ್ವಲ್ಪ ನಿಧಾನಿಸಿ ಅಂತ ನನ್ನ ಮಾತು.

ಆ ವಯಸ್ಸಾದವರು ತೀರ್ಥಹಳ್ಳಿಯಲ್ಲಿ ಎಲ್ಲಿಯವರು ತಿಳಿಸಿ. ಗುರುವಾರ ನಮ್ಮ ಅಳಿಯ ಅಡಿಕೆ ವ್ಯವಹಾರಕ್ಕೆ ಶಿವಮೊಗ್ಗಕ್ಕೆ ಕಾರಿನಲ್ಲಿ ಹೋಗುತ್ತಾನೆ. ಕರೆದುಕೊಂಡು ಬರಬಹುದು.


ಕೊಪ್ಪದಕಾಫಿಗಿಡ, ಕೊಪ್ಪ

ಅಸ್ಸಲಾಮು ಅಲೈಕುಂ ಭಾಯಿ. ನಾವು ಬ್ಯಾರಿಗಳು. ನಮ್ಮ ಕಡೆಯ ಅನುಭವ ಹೇಳುತ್ತೇನೆ, ಉಪಯೋಗವಾದೀತು.

ಎಸ್ಟೇಟ್ ಸೀಮೆಯಲ್ಲಿ ಮನೆಗಳು ದೂರ ದೂರ. ಒಂದು ಮನೆಯಿಂದ ಇನ್ನೊಂದಕ್ಕೆ ಒಂದೊಂದು ಮೈಲಿ. ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ. ಆದರೂ ನಮ್ಮ ತಂದೆಯ ಕಾಲದಿಂದ ರಾತೀಬ್ ನಿಂತಿಲ್ಲ. ರಾತೀಬ್ ಅಂದರೆ ಒಟ್ಟಾಗಿ ಕೂತು ಗೊತ್ತಾದ ಕ್ರಮದಲ್ಲಿ ಓದುವ ಜಿಕ್ರ್. ನಮ್ಮಲ್ಲಿ ಹದ್ದಾದ್ ರಾತೀಬ್ ಓದುತ್ತೇವೆ. ಅದನ್ನು ಬರೆದವರು ಯಮನಿನ ತರೀಮ್ ಊರಿನ ಇಮಾಮ್ ಅಬ್ದುಲ್ಲಾ ಅಲ್ ಹದ್ದಾದ್. ಅವರು ತೀರಿಕೊಂಡದ್ದು 1720ರಲ್ಲಿ. ಅದು ಇಲ್ಲಿಯವರೆಗೆ ಹೇಗೆ ಬಂತು ನೋಡಿ. ಯಾರೂ ದೊಡ್ಡ ಕಟ್ಟಡ ಕಟ್ಟಿ ತರಲಿಲ್ಲ. ವ್ಯಾಪಾರಕ್ಕೆ ಬಂದವರು, ಕಲಿಸಲು ಬಂದವರು ಬಾಯಿಪಾಠದಲ್ಲಿ ತಂದರು. ಕರಾವಳಿಗೆ ಬಂತು, ಘಟ್ಟ ಹತ್ತಿತು.

ನಾವು ಮಾಡುವುದು ಹೀಗೆ: ರಾತೀಬ್ ಮನೆಯಿಂದ ಮನೆಗೆ ಹೋಗುತ್ತದೆ. ಈ ವಾರ ನಮ್ಮ ಮನೆ, ಮುಂದಿನ ವಾರ ಕಾಕನ ಮನೆ, ಆಮೇಲೆ ಲೈನ್ ಮನೆಯಲ್ಲಿರುವ ಕೆಲಸದವರದು. ಲೈನ್ ಮನೆಯಲ್ಲಿ ಹತ್ತು ಜನ ಕೂರುವುದೂ ಕಷ್ಟ. ಆದರೆ ಆ ಮನೆಯ ಸರದಿ ತಪ್ಪಿಸುವ ಹಾಗಿಲ್ಲ. ಅವರು ಕೊಡುವ ಕಟ್ಟಂಚಾಯ (ಹಾಲಿಲ್ಲದ ಚಹಾ), ಎರಡು ಬಿಸ್ಕೆಟ್ ಎಲ್ಲರೂ ತಿನ್ನಬೇಕು. ದೊಡ್ಡವರು, ಸಣ್ಣವರು ಅನ್ನುವುದು ಅಲ್ಲಿ ಕರಗುತ್ತದೆ.

ನಿಮ್ಮದನ್ನು ಹೀಗೆ ಮಾಡಬಾರದೇ? ಭದ್ರಾವತಿಯವರಿಗೆ ಭದ್ರಾವತಿಯಲ್ಲಿ ಒಂದು ಹಲ್ಕಾ, ಅಂದರೆ ಜಿಕ್ರ್‌ನ ಸಣ್ಣ ಕೂಟ, ತೀರ್ಥಹಳ್ಳಿಯವರಿಗೆ ಅಲ್ಲಿ ಒಂದು. ತಿಂಗಳಿಗೊಮ್ಮೆ ಎಲ್ಲರೂ ಹಜರತ್ ಇದ್ದಲ್ಲಿ ಸೇರಿ. ಅಡಿಕೆ ಸಸಿ ಒಂದೇ ಗುಣಿಯಲ್ಲಿ ಹತ್ತು ನೆಟ್ಟರೆ ಯಾವುದೂ ಏಳುವುದಿಲ್ಲ.

ಇನ್ನೊಂದು ಮಾತು. ವಿಷಯಕ್ಕೆ ಸ್ವಲ್ಪ ಹೊರಗಿನದು, ಆದರೆ ನನಗೆ ತುಂಬಾ ಪ್ರೀತಿಯದು. ಕಾಫಿ ಕುಡಿಯುವ ರೂಢಿ ಬೆಳೆದದ್ದೇ ಜಿಕ್ರ್‌ನಿಂದ. 15ನೇ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿ ಜಿಕ್ರ್‌ಗೆ ನಿದ್ದೆ ಬರದಿರಲಿ ಅಂತ ಕಾಫಿ ಕುಡಿಯುತ್ತಿದ್ದರು. ಅದೇ ಯಮನಿನ ಮೋಕಾ ಬಂದರಿನಿಂದ ಬಾಬಾ ಬುಡನ್ 17ನೇ ಶತಮಾನದಲ್ಲಿ 7 ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಅನ್ನುವುದು ನಮ್ಮ ಸೀಮೆಯ ಪ್ರತೀತಿ. ನಮ್ಮ ತೋಟದ ಗಿಡ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಆ ಬೆಟ್ಟದ ಜಾಗಕ್ಕಾಗಿ ನಡೆದ ಕೋರ್ಟು, ಗಲಾಟೆ ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ಎಳೆಯುವುದು ಬೇಡ. ಬೀಜದ ಮಾತು ಸಾಕು ನನಗೆ.


ಒಳಕೋಣೆ, ಶಿವಮೊಗ್ಗ

ನಾನು ಇದೇ ಜಿಕ್ರ್‌ಗೆ 6 ವರ್ಷದಿಂದ ಬರುತ್ತಿದ್ದೇನೆ. ಮೇಲೆ ಬರೆದ ಭಾಯಿ ನಡುಮನೆ, ಜಗಲಿ, ಮೆಟ್ಟಿಲು, ಗೇಟು ಎಲ್ಲ ಎಣಿಸಿದರು. ಅಡುಗೆಮನೆ ಪಕ್ಕದ ಕೋಣೆ ಬಿಟ್ಟುಹೋಯಿತು. ಅಲ್ಲಿ ಅವತ್ತು ನಾವು 23 ಹೆಂಗಸರು ಇದ್ದೆವು. ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ಆದರೆ ಜಾಗದ ಲೆಕ್ಕ ಹಾಕುವಾಗ ನಮ್ಮನ್ನೂ ಸೇರಿಸಿ.

ನಮಗೆ ಹಜರತ್ ಮುಖ ಕಾಣುವುದಿಲ್ಲ. ಪರದೆಯ ಆಚೆಯಿಂದ ದನಿ ಬರುತ್ತದೆ. ಮಳೆ ಜೋರಾದರೆ ಶೀಟಿನ ಸದ್ದಿನಲ್ಲಿ ಅದೂ ಕೇಳಿಸುವುದಿಲ್ಲ. ಚಹಾ ಮಾಡುವವರೂ ನಾವೇ. ಹಾಗಾಗಿ ದುಆ ಹೊತ್ತಿಗೆ ಇಬ್ಬರು ಮೂವರು ಒಲೆ ಮುಂದೆಯೇ ಇರುತ್ತಾರೆ. ನನ್ನ ಅತ್ತೆ ದುಆಗೆಂದೇ ವಾರವಿಡೀ ಕಾಯುತ್ತಾರೆ. ಹೋದ ತಿಂಗಳು ಎರಡು ವಾರ ಅವರಿಗೆ ಸಿಗಲಿಲ್ಲ.

ಈ ದಾರಿಯಲ್ಲಿ ಹೆಂಗಸರು ಹೊಸಬರಲ್ಲ. ಬಸ್ರಾದ ರಾಬಿಯಾ 8ನೇ ಶತಮಾನದವರು. ನರಕದ ಭಯಕ್ಕೂ ಅಲ್ಲ, ಸ್ವರ್ಗದ ಆಸೆಗೂ ಅಲ್ಲ, ದೇವರನ್ನು ದೇವರಿಗಾಗಿಯೇ ಪ್ರೀತಿಸಬೇಕು ಅಂದವರು ಅಂತ ಹಜರತ್ ಎಷ್ಟು ಸಲ ಹೇಳಿದ್ದಾರೆ. ಬಿಜಾಪುರದ ಸೂಫಿಗಳು 17ನೇ ಶತಮಾನದಲ್ಲಿ ದಖನಿಯಲ್ಲಿ, ಅಂದರೆ ನಮ್ಮ ಸೀಮೆಯ ಉರ್ದುವಿನಲ್ಲಿ, ಚಕ್ಕಿನಾಮಾ ಕಟ್ಟಿದರು. ಬೀಸುಕಲ್ಲಿನ ಹಾಡು. ಚರಕದ ಹಾಡೂ ಇದ್ದವು. ಫಾರ್ಸಿ ಬಾರದ ಹೆಂಗಸರು ಕೆಲಸ ಮಾಡುತ್ತಲೇ ಅಲ್ಲಾಹನ ಹೆಸರು ಹೇಳಲಿ ಅಂತ. ನಮ್ಮ ಸೀಮೆಯ ಮನೆಮನೆಗೆ ಈ ದಾರಿ ಬಂದದ್ದು ಬೀಸುಕಲ್ಲಿನ ಮೂಲಕ ಅಂದರೆ ಜಾಸ್ತಿ ಹೇಳಿದ ಹಾಗಾಗುವುದಿಲ್ಲ. ಬೀಸಿದವರ ಮಕ್ಕಳೇ ಮುಂದೆ ಮುರೀದರು, ಅಂದರೆ ಶಿಷ್ಯರು, ಆದದ್ದು.

ಹಾಗಾಗಿ ಹೊಸ ಜಾಗ ನೋಡುವಾಗ: ಹೆಂಗಸರಿಗೆ ಬೇರೆ ಬಾಗಿಲು ಇರಲಿ, ಶೌಚಾಲಯ ಇರಲಿ, ಬೆಳಕಿರುವ ದಾರಿ ಇರಲಿ. 8 ಗಂಟೆಗೆ ಮುಗಿಯಲಿ. ನನ್ನ ಮಗಳಿಗೆ 15. ಅವಳಿಗೆ ಬರುವ ಆಸೆ ತುಂಬಾ ಇದೆ. ರಾತ್ರಿ ಹತ್ತಕ್ಕೆ ಅವಳನ್ನು ಕರೆದುಕೊಂಡು ಓಣಿ ದಾಟಲು ನನಗೆ ಧೈರ್ಯ ಬರುವುದಿಲ್ಲ. ಚಹಾ ಗಂಡಸರೂ ಮಾಡಬಹುದು.


ನೇರಮಾತು, ಸಾಗರ

ನನಗೆ ದರ್ಗಾ, ಪೀರಿ ಮುರೀದಿ ಇವುಗಳಲ್ಲಿ ನಂಬಿಕೆ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾರ ಮನಸ್ಸೂ ನೋಯಿಸಲು ಅಲ್ಲ. ದೇವರ ಹೆಸರು ನೆನೆಯುವುದಕ್ಕೆ ನನ್ನ ತಕರಾರಿಲ್ಲ. ಅದು ಕುರಾನಿನಲ್ಲೇ ಇದೆ. ಊಟ ಹಾಕುವುದು, ದುಃಖದಲ್ಲಿರುವವರ ಜೊತೆ ಕೂರುವುದು, ಇವು ಒಳ್ಳೆಯ ಕೆಲಸ.

ನನ್ನ ಭಯ ಬೇರೆ. ನಾನು ಚಿಕ್ಕವನಿದ್ದಾಗ ನಮ್ಮೂರಿನ ಹತ್ತಿರ ಇಂಥದ್ದೇ ಒಬ್ಬ ಒಳ್ಳೆಯ ಹಿರಿಯರಿದ್ದರು. ಬದುಕಿರುವ ತನಕ ಒಂದು ಪೈಸೆ ಮುಟ್ಟಲಿಲ್ಲ. ತೀರಿಕೊಂಡ ಮೂರೇ ವರ್ಷಕ್ಕೆ ಗೋರಿಯ ಮೇಲೆ ಗುಮ್ಮಟ ಎದ್ದಿತು. ಹುಂಡಿ ಬಂತು. ಹುಂಡಿಯ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಎರಡು ಗುಂಪಾಯಿತು. ಅವರ ಹತ್ತಿರ ಕೂತು ಕಲಿತಿದ್ದ ನಮ್ಮ ತಂದೆ ಕೊನೆಗೆ ಆ ಕಡೆ ಹೋಗುವುದನ್ನೇ ಬಿಟ್ಟರು. ಆ ದಿನ ಮನೆಗೆ ಬಂದು ಟೋಪಿ ತೆಗೆದು ಸುಮ್ಮನೆ ಕೂತಿದ್ದು ನನಗೆ ನೆನಪಿದೆ.

ಹಜರತ್‌ಗೆ ವಯಸ್ಸಾಗಿದೆ. ಕಟ್ಟಡದ ಮಾತು ಈಗಲೇ ಯಾಕೆ ಎದ್ದಿದೆ ಅಂತ ನೀವು ನಿಮ್ಮನ್ನೇ ಕೇಳಿಕೊಳ್ಳಿ. ಅದು ಅವರು ಇರುವಾಗ ಕೂರುವುದಕ್ಕೋ, ಅವರು ಹೋದ ಮೇಲೆ ಮಲಗಿಸುವುದಕ್ಕೋ?


ತುಂಗೆದಂಡೆ, ಶಿವಮೊಗ್ಗ

ನೇರಮಾತು ಅವರೇ, ಓದಿ ಎದೆ ಭಾರವಾಯಿತು. ಆದರೆ ಕೋಪ ಬರಲಿಲ್ಲ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮೊಳಗೆ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ. ಹಜರತ್‌ಗೆ 78. ಹೋದ ಚಳಿಗಾಲದಲ್ಲಿ ಒಂದು ತಿಂಗಳು ಮಲಗಿದ್ದರು. ಕಟ್ಟಡದ ಮಾತು ಶುರುವಾದದ್ದು ಆ ತಿಂಗಳಲ್ಲೇ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ.

ದರ್ಗಾ, ಪೀರಿ ಮುರೀದಿಯಲ್ಲಿ ನಂಬಿಕೆ ಇಲ್ಲ ಅಂದಿರಿ, ಅದಕ್ಕೆ ಹೇಳುತ್ತೇನೆ. ಬೈಅತ್ ಕೊಡುವಾಗ, ಅಂದರೆ ಶಿಷ್ಯನಾಗಿ ಕೈ ಹಿಡಿಯುವಾಗ, ಹಜರತ್ ಮೊದಲು ಹೇಳುವುದೇ ಇದು: ಬೇಡುವುದು ಅಲ್ಲಾಹನ ಹತ್ತಿರ, ನಾನು ನಿನ್ನ ಜೊತೆ ನಡೆಯುವವನು. ನಾವು ಊರಿನ ಹಜರತ್ ಶಾ ಅಲೀಂ ದಿವಾನ್ ದರ್ಗಾಕ್ಕೆ ಹೋಗುತ್ತೇವೆ, ಫಾತಿಹಾ ಓದುತ್ತೇವೆ. ನಿಮಗೆ ಅದು ಒಪ್ಪಿಗೆ ಇಲ್ಲದಿರಬಹುದು. ಅದರಲ್ಲಿ ನಾವು ಒಂದಾಗುವುದಿಲ್ಲ. ನಿಮ್ಮ ತಂದೆಯ ವಿಷಯದಲ್ಲಿ ಒಂದಾಗುತ್ತೇವೆ.

ಒಳಕೋಣೆ ಆಪಾ, 23 ಅಂತ ನನಗೆ ಗೊತ್ತೇ ಇರಲಿಲ್ಲ. ಮಾಫ್ ಮಾಡಿ. ನಾನು 11 ವರ್ಷದಿಂದ ಬರುತ್ತಿದ್ದೇನೆ, ಆ ಕೋಣೆ ಎಷ್ಟು ಅಗಲ ಇದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಮಂಡಗದ್ದೆಹಾದಿ ಅಣ್ಣ, ಆ ಹಿರಿಯರಿಗೆ ತಿಳಿಸಿದ್ದೇನೆ. ತುಂಬಾ ಖುಷಿಪಟ್ಟರು.


ಭದ್ರೆಲೆಕ್ಕ, ಭದ್ರಾವತಿ

ನಾನು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಇದ್ದವನು. ಈಗ ನಿವೃತ್ತ. ಕಾಗದ ಪತ್ರದ ವಿಷಯ ಹೇಳುತ್ತೇನೆ. ಭಕ್ತಿ ಇರುವಲ್ಲಿ ಲೆಕ್ಕ ಯಾಕೆ ಅನ್ನಬೇಡಿ. ಲೆಕ್ಕ ಇಲ್ಲದೆ ಹೋದರೆ ಮೊದಲು ಹೋಗುವುದೇ ಭಕ್ತಿ.

ಬಾಡಿಗೆಗೆ ಹಿಡಿಯುವುದಾದರೂ ಯಾರಾದರೂ ಒಬ್ಬರ ಹೆಸರಿನಲ್ಲಿ ಹಿಡಿಯಬೇಡಿ. ಸಂಘವಾಗಿ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಸದಸ್ಯರಿದ್ದರೆ ಸಾಕು. ನೀವು ಶುರು ಮಾಡಿದಾಗ ಇದ್ದದ್ದೂ ಅಷ್ಟೇ ಅಲ್ವಾ. ಬೈಲಾ ಬರೆಯಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಟ್ರಸ್ಟ್ ಬೇರೆ. ಅದಕ್ಕೆ ಟ್ರಸ್ಟ್ ಡೀಡ್ ಮಾಡಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಟ್ರಸ್ಟಿಗಳು ಸಾಮಾನ್ಯವಾಗಿ ಅವರೇ ಮುಂದುವರಿಯುತ್ತಾರೆ. ಸಂಘದಲ್ಲಿ ಚುನಾವಣೆ ಇರುತ್ತದೆ, ಹೊಸಬರು ಬರಬಹುದು. ನಿಮ್ಮಂಥ ಬೆಳೆಯುತ್ತಿರುವ ಕೂಟಕ್ಕೆ ಸಂಘವೇ ವಾಸಿ ಅಂತ ನನ್ನ ಅಭಿಪ್ರಾಯ.

ಜಾಗ ಕೊಂಡು ವಕ್ಫ್ ಮಾಡುವ ಮಾತು ಯಾರಾದರೂ ಆಡಿದರೆ ಚೆನ್ನಾಗಿ ಯೋಚಿಸಿ. ಒಮ್ಮೆ ವಕ್ಫ್ ಆದರೆ ಅದು ಅಲ್ಲಾಹನ ಹೆಸರಿಗೆ ಹೋಯಿತು. ಮಾರುವ ಹಾಗಿಲ್ಲ, ವಾಪಸ್ ಪಡೆಯುವ ಹಾಗಿಲ್ಲ. ದೊಡ್ಡ ಪುಣ್ಯದ ಕೆಲಸವೇ. ಆದರೆ ಸಾಲ ತಂದು ಆತುರದಲ್ಲಿ ಮಾಡುವ ಕೆಲಸವಲ್ಲ.

ಬ್ಯಾಂಕ್ ಖಾತೆ ಇಬ್ಬರ ಸಹಿಯಲ್ಲಿ ಇರಲಿ. ಒಬ್ಬರು ಒಳಕೋಣೆಯವರಾಗಿರಲಿ. ಹುಂಡಿ ಇಡಲೇಬೇಡಿ. ತಿಂಗಳ ಕೊನೆಯ ಗುರುವಾರ ಜಮಾ ಖರ್ಚಿನ ಪುಸ್ತಕವನ್ನು ಗಟ್ಟಿಯಾಗಿ ಓದಿ. ಹಾಲಿಗೆ ಎಷ್ಟು, ಸಕ್ಕರೆಗೆ ಎಷ್ಟು ಅಂತ ಹೇಳಿ. ಯಾರು ಕೊಟ್ಟರು ಅನ್ನುವುದು ಬೇಡ, ಎಷ್ಟು ಬಂತು ಅನ್ನುವುದು ಸಾಕು. ನಾನು ಬೇರೊಂದು ಕಡೆ ಎರಡು ವರ್ಷ ಖಜಾಂಚಿಯಾಗಿದ್ದೆ. ಲೆಕ್ಕ ಓದುತ್ತೇನೆ ಅಂದದ್ದಕ್ಕೇ ನನ್ನನ್ನು ಬಿಡಿಸಿದರು. ಆ ಜಾಗದ ಹೆಸರು ಬೇಡ.


ಕೊನೆಬಸ್ಸು, ಆನಂದಪುರ

ನನಗೆ 24 ವರ್ಷ. ಕಾಲೇಜಿನಲ್ಲಿದ್ದಾಗ ಫೋನಿನಲ್ಲಿ ಕವ್ವಾಲಿ ಕೇಳಿ ಕೇಳಿ ಈ ಕಡೆ ಬಂದವನು. ಎರಡು ವರ್ಷದಿಂದ ಗುರುವಾರ ತಪ್ಪಿಸಿಲ್ಲ.

ನಾನು ಮೊದಲು ಲೈವ್ ಮಾಡೋಣ ಅಂದಿದ್ದೆ. ಜಾಗದ ತೊಂದರೆಯೂ ಇರುವುದಿಲ್ಲ, ದುಬೈಯಲ್ಲಿರುವ ನಮ್ಮ ಹುಡುಗರೂ ಸೇರಿಕೊಳ್ಳುತ್ತಾರೆ ಅಂತ. ಹಜರತ್ ಬೇಡ ಅನ್ನಲಿಲ್ಲ. ಬಾಗಿಲ ಹತ್ತಿರ ಒಂದು ಬಿದಿರಿನ ಬುಟ್ಟಿ ಇಟ್ಟು, "ಒಂದು ತಿಂಗಳು ಫೋನು ಇದರಲ್ಲಿಟ್ಟು ಕೂತು ನೋಡು. ಆಮೇಲೂ ಬೇಕು ಅನ್ನಿಸಿದರೆ ಮಾಡು" ಅಂದರು. ಇಟ್ಟೆ. ಮೊದಲೆರಡು ವಾರ ಕೈ ಜೇಬಿಗೇ ಹೋಗುತ್ತಿತ್ತು. ಮೂರನೇ ವಾರ ಜಿಕ್ರ್ ನಡುವೆ ಪಕ್ಕದವರ ಉಸಿರು ಕೇಳಿಸಿತು. ಎಲ್ಲರ ಉಸಿರು ಒಂದೇ ತಾಳಕ್ಕೆ ಬರುತ್ತಿತ್ತು. ಅದನ್ನು ಲೈವ್‌ನಲ್ಲಿ ಹೇಗೆ ಕಳಿಸಲಿ? ಬುಟ್ಟಿ ಈಗಲೂ ಇದೆ. ಈಗ ಎರಡಾಗಿದೆ.

ನನಗೆ ನಿಜವಾಗಿ ಬೇಕಿರುವುದು ಕನ್ನಡ. ನಾನು ಒಂದನೇ ಕ್ಲಾಸಿನಿಂದ ಕನ್ನಡ ಮೀಡಿಯಂ. ಮನೆಯಲ್ಲಿ ದಖನಿ ಮಾತಾಡುತ್ತೇನೆ, ಆದರೆ ಉರ್ದು ಅಕ್ಷರ ಓದಲು ಬರುವುದಿಲ್ಲ. ಶಜ್ರಾ ಓದುವಾಗ ಎಲ್ಲರ ಜೊತೆ ತುಟಿ ಆಡಿಸುತ್ತೇನೆ. ಅರ್ಥ ಗೊತ್ತಾದದ್ದು ಹಜರತ್ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆ. ನನ್ನ ವಯಸ್ಸಿನ ಅರ್ಧ ಜನ ಹೀಗೆಯೇ. ಶಿಶುನಾಳ ಷರೀಫರು ಕನ್ನಡದಲ್ಲೇ ತತ್ವಪದ ಹಾಡಿದರು, ಅವರ ಗುರು ಗೋವಿಂದ ಭಟ್ಟರು. ಷರೀಫರು ತೀರಿಕೊಂಡದ್ದು 1889ರಲ್ಲಿ, ಇವತ್ತಿಗೂ ಹಳ್ಳಿಯ ಭಜನೆಯಲ್ಲಿ ಅವರ ಪದ ಇಲ್ಲದೆ ಆಗುವುದಿಲ್ಲ. ಬಿಜಾಪುರದ ಬೀಸುಕಲ್ಲಿನ ಹಾಡಿನ ಬಗ್ಗೆ ಆಪಾ ಬರೆದದ್ದು ಓದಿದ ಮೇಲೆ ನನಗೆ ಧೈರ್ಯ ಬಂತು. ಆಗ ಫಾರ್ಸಿ ಬಾರದವರಿಗೆ ದಖನಿ. ಈಗ ಉರ್ದು ಓದಲು ಬಾರದ ನಮಗೆ ಕನ್ನಡ ಯಾಕೆ ಬೇಡ? ಶಜ್ರಾವನ್ನು ಕನ್ನಡ ಅಕ್ಷರದಲ್ಲಿ, ಅರ್ಥದ ಜೊತೆ ಬರೆಯಲು ನಾನು ತಯಾರಿದ್ದೇನೆ. ತಪ್ಪು ತಿದ್ದುವವರು ಬೇಕು.


ಮಂಡಗದ್ದೆಹಾದಿ, ತೀರ್ಥಹಳ್ಳಿ

ಕೊನೆಬಸ್ಸು ತಮ್ಮ, ಬರೆದ ಮೇಲೆ ನನಗೂ ಒಂದು ಪ್ರತಿ ಕೊಡು. ಅಜ್ಜಿ ಇಲ್ಲ. ಆದರೂ ಅವರು ಯಾರಿಗೆ ಹೇಳಿಕೊಳ್ಳುತ್ತಿದ್ದರು ಅಂತ ತಿಳಿದುಕೊಳ್ಳುವ ಆಸೆ ಇದೆ.


ಕೊಪ್ಪದಕಾಫಿಗಿಡ, ಕೊಪ್ಪ

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ವರ್ಷದ ದೊಡ್ಡ ಕೂಟ ಗ್ಯಾರವೀಂ ಶರೀಫ್‌ಗೆ, ಅಂದರೆ ಶೇಖ್ ಜೀಲಾನಿ ಅವರನ್ನು ನೆನೆಯುವ ದಿನಕ್ಕೆ, ತಾನೇ? ರಬೀಉಲ್ ಆಖಿರ್ 11. ನಮ್ಮ ವರ್ಷ ಚಂದ್ರನ ಲೆಕ್ಕ, 354 ದಿನದ್ದು. ಹಾಗಾಗಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರುತ್ತದೆ. 2025ರಲ್ಲಿ ಅಕ್ಟೋಬರ್ ಮೊದಲ ವಾರ ಇತ್ತು. 2030ರ ಹೊತ್ತಿಗೆ ಆಗಸ್ಟಿಗೆ ಬರುತ್ತದೆ. ಮಲೆನಾಡಿನ ಆಗಸ್ಟು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮುಂದಿನ ಸುಮಾರು ಹತ್ತು ವರ್ಷ ನಿಮ್ಮ ದೊಡ್ಡ ಕೂಟ ಮಳೆಗಾಲದಲ್ಲೇ, ಆಮೇಲೆ ಬೇಸಿಗೆಗೆ ಸರಿಯುತ್ತದೆ. ಬಯಲಲ್ಲಿ ಶಾಮಿಯಾನ ಹಾಕುವ ಯೋಚನೆ ಇದ್ದರೆ ಬಿಡಿ. ನಮ್ಮಲ್ಲಿ ಒಂದು ವರ್ಷ ಶಾಮಿಯಾನದ ಮೇಲೆ ನೀರು ನಿಂತು ಅನ್ನದ ಡೇಗೆಯ ಮೇಲೇ ಬಿತ್ತು. ಮಾಡಿದ ಅಡುಗೆಯೆಲ್ಲ ಹೋಯಿತು. ಗಟ್ಟಿ ಸೂರು ಇರುವ ಕಡೆ ಒಂದು ದಿನಕ್ಕೆ ಮಾತ್ರ ಹಿಡಿಯಿರಿ. ಅದಕ್ಕಾಗಿ ವರ್ಷವಿಡೀ ಕಟ್ಟಡ ಹೊರುವುದು ಬೇಡ.


ನೇರಮಾತು, ಸಾಗರ

ಹುಂಡಿ ಬೇಡ ಅಂದ ಭದ್ರಾವತಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬೈಲಾದಲ್ಲಿ ಒಂದು ಸಾಲು ಸೇರಿಸಿ. ಸಂಘದ ಜಾಗದಲ್ಲಿ ಯಾರ ಗೋರಿಯೂ ಆಗಬಾರದು ಅಂತ. ಹಜರತ್ ಅವರನ್ನೇ ಕೇಳಿ, ಅವರು ಇರುವಾಗಲೇ.


ತುಂಗೆದಂಡೆ, ಶಿವಮೊಗ್ಗ

ಕೇಳಿದೆ.

ನಿನ್ನೆ ಅಸರ್ (ಮಧ್ಯಾಹ್ನದ ನಂತರದ ನಮಾಜ್) ಆದ ಮೇಲೆ ಹಜರತ್ ಹತ್ತಿರ ಹೋಗಿದ್ದೆ. ಇಲ್ಲಿ ಬಂದಿದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಒಮ್ಮೆ ತಡೆದು, ಸಾಗರದವರು ತಮ್ಮ ತಂದೆಯ ಬಗ್ಗೆ ಬರೆದದ್ದನ್ನು ಮತ್ತೊಮ್ಮೆ ಓದಿಸಿಕೊಂಡರು. ಗೋರಿಯ ಮಾತಿಗೆ ನಾನು ತಡವರಿಸಿದೆ. ಅವರೇ ಹೇಳಿದರು, ಊರಿನ ಖಬರಸ್ತಾನದಲ್ಲಿ ತಮ್ಮ ತಾಯಿಯ ಪಕ್ಕ ಜಾಗ ಇದೆ, ಅಲ್ಲೇ, ಮಣ್ಣು ಮಾತ್ರ, ಕಲ್ಲು ಕಟ್ಟುವುದು ಬೇಡ ಅಂತ. ಅದನ್ನು ಬರೆದಿಡು ಅಂದರು. ಬರೆದೆ, ಕೆಳಗೆ ಸಹಿ ಹಾಕಿದರು. ಕೈ ನಡುಗುತ್ತಿತ್ತು. ಆದರೂ ಮೇಷ್ಟರ ಅಕ್ಷರ ದುಂಡಗೇ ಬಂತು.

ಆಮೇಲೆ ಎದ್ದು ಅಡುಗೆಮನೆ ಪಕ್ಕದ ಕೋಣೆಗೆ ಹೋಗಿ ನಿಂತರು. ಹೆಜ್ಜೆಯಲ್ಲಿ ಅಳೆದರು. ಉದ್ದ 11 ಹೆಜ್ಜೆ, ಅಗಲ 8. "23 ಜನಾನಾ?" ಅಂತ ಎರಡು ಸಲ ಕೇಳಿದರು.

ಈಗ ಆಗಿರುವುದು ಹೀಗೆ. ಬರುವ ತಿಂಗಳಿನಿಂದ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಮೂರು ಕಡೆ ಹಲ್ಕಾ. ತಿಂಗಳ ಮೊದಲ ಗುರುವಾರ ಎಲ್ಲರೂ ಇಲ್ಲಿ ಸೇರುವುದು, ಅದಕ್ಕೆ ಬಾಡಿಗೆಗೆ ಒಂದು ಸಭಾಂಗಣ ನೋಡುತ್ತಿದ್ದೇವೆ. ಎರಡು ಬಾಗಿಲು ಇರುವಂಥದ್ದು. ಹಜರತ್ ಮನೆಯಲ್ಲಿ ನಡುಮನೆ ಹೆಂಗಸರಿಗೆ, ನಾವು ಜಗಲಿ ಮತ್ತು ಒಳಕೋಣೆಗೆ. 8 ಗಂಟೆಗೆ ದುಆ ಮುಗಿಯುತ್ತದೆ. ಬೈಕುಗಳನ್ನು ಓಣಿಯ ಹೊರಗೆ ನಿಲ್ಲಿಸಲು ಇಬ್ಬರು ಹುಡುಗರು ನಿಲ್ಲುತ್ತಾರೆ. ಹೂವಿನ ಅಕ್ಕನಿಗೆ ನಾನೇ ಹೋಗಿ ಹೇಳಿ ಬಂದೆ. ಜಾಗ ಕೊಳ್ಳುವ ಮಾತು ಸದ್ಯಕ್ಕೆ ಇಲ್ಲ. ಕೆಲವರಿಗೆ ಬೇಸರವಾಗಿದೆ. ಒಬ್ಬರು ದುಡ್ಡು ಕೊಡಲು ತಯಾರಾಗಿ ಬಂದಿದ್ದರು, ಅವರು ಮಾತು ಬಿಟ್ಟಿದ್ದಾರೆ. ಅವರ ಮನೆಗೆ ಹೋಗಿ ಕೂತು ಬರಬೇಕು. ಅದು ನನ್ನ ಕೆಲಸ.

ಸಂಘದ ಕಾಗದಕ್ಕೆ ಭದ್ರೆಲೆಕ್ಕ ಸರ್ ಸಹಾಯ ಬೇಕು. ಭಾನುವಾರ ಬಿಡುವಿದೆಯಾ ಸರ್?


ಭದ್ರೆಲೆಕ್ಕ, ಭದ್ರಾವತಿ

ಬಿಡುವಿದೆ. ಬೆಳಿಗ್ಗೆ 10ಕ್ಕೆ ಬರುತ್ತೇನೆ. 7 ಜನರ ಆಧಾರ್ ಪ್ರತಿ, ಎರಡೆರಡು ಫೋಟೋ ರೆಡಿ ಇಡಿ. ಹಜರತ್ ಸಹಿ ಹಾಕಿದ ಕಾಗದದ ಪ್ರತಿಯನ್ನೂ ಇಡಿ.


ಒಳಕೋಣೆ, ಶಿವಮೊಗ್ಗ

ಅತ್ತೆಗೆ ಓದಿ ಹೇಳಿದೆ. ನಡುಮನೆ ಅಂದ ಕೂಡಲೇ ಯಾವ ಗೋಡೆಯ ಪಕ್ಕ ಕೂರಬೇಕು ಅಂತ ಈಗಲೇ ಯೋಚಿಸುತ್ತಿದ್ದಾರೆ, ಅವರಿಗೆ ಬೆನ್ನಿಗೆ ಆಸರೆ ಬೇಕು. ಕಿಟಕಿ ಪಕ್ಕದ ಜಾಗ ಅವರಿಗೆ ಬಿಡಿ. ಮಗಳೂ ಬರುತ್ತಾಳೆ.

ಗುರುವಾರ ಚಹಾ ಮಾಡಲು ಗಂಡಸರಲ್ಲಿ ಯಾರು ಬರುತ್ತೀರಿ, ಹೆಸರು ಹೇಳಿ. 6 ಲೀಟರ್ ಹಾಲು ಬೇಕು. ದೊಡ್ಡ ಪಾತ್ರೆ ಮೇಲಿನ ಅಟ್ಟದಲ್ಲಿದೆ. ಶುಂಠಿ ಜಜ್ಜಿ ಹಾಕಬೇಕು, ತುರಿಯುವುದಲ್ಲ.


ಕೊನೆಬಸ್ಸು, ಆನಂದಪುರ

ನಾನು ಬರುತ್ತೇನೆ ಆಪಾ. 5 ಗಂಟೆಗೇ ಬರುತ್ತೇನೆ.